ತೂಬು, ಟ್ರಾನ್ಸಿಸ್ಟರ್ ಮತ್ತು ಮೂರನೇ ಸೆಮಿಸ್ಟರಿನ ಪುಸ್ತಕ

ನಂಜನಗೂಡಿನ ಪಶ್ಚಿಮಕ್ಕೆ, ಕಪಿಲೆಯ ದಡದಲ್ಲಿರುವ ಹುಲ್ಲಹಳ್ಳಿಯಲ್ಲಿ ನೀರಿನ ಲೆಕ್ಕ ತಿಳಿಯದವರು ಕಡಿಮೆ. ಅಣೆಕಟ್ಟೆಯಿಂದ ಹೊರಟ ಹುಲ್ಲಹಳ್ಳಿ ನಾಲೆ ಭತ್ತದ ಗದ್ದೆಗಳಿಗೆ ನೀರುಣಿಸುತ್ತ ಸಾಗುತ್ತದೆ. ತೂಬಿನ ಹಲಗೆಯನ್ನು ನಾಲ್ಕು ಬೆರಳು ಎತ್ತಿದರೆ ಎಷ್ಟು ನೀರು, ಒಂದು ಗೇಣು ಎತ್ತಿದರೆ ಎಷ್ಟು ಎಂಬುದು ರೈತರಿಗೆ ಅಂದಾಜಿನಲ್ಲೇ ಗೊತ್ತು. ಹಲಗೆಯನ್ನು ಎತ್ತಲು ಬೇಕಾದ ಬಲ ಒಬ್ಬ ಮನುಷ್ಯನ ತೋಳಿನದು. ಅದರ ಕೆಳಗೆ ನುಗ್ಗುವ ನೀರಿನ ಬಲ ನದಿಯದು. ಸಣ್ಣ ಬಲವೊಂದು ದೊಡ್ಡ ಪ್ರವಾಹವನ್ನು ತನ್ನ ಹೇಳಿಕೆಯಂತೆ ನಡೆಸುವ ಈ ಏರ್ಪಾಡೇ ಎಲೆಕ್ಟ್ರಾನಿಕ್ಸ್ ವಿದ್ಯೆಯ ತಿರುಳು.

ಹೋಲಿಕೆ ಇಲ್ಲಿ ಹೊಸದಾಗಿ ಕಟ್ಟಿದ್ದಲ್ಲ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಗಾಜಿನ ಬುರುಡೆಯೊಳಗೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಸಾಧನವನ್ನು ಮಾಡಿದಾಗ ಅದಕ್ಕೆ ಬಂದ ಹೆಸರು ವಾಲ್ವ್. ಎರಡು ವರ್ಷಗಳ ಬಳಿಕ ಅಮೆರಿಕದ ಲೀ ಡಿ ಫಾರೆಸ್ಟ್ ಆ ಬುರುಡೆಯೊಳಗೆ ಮೂರನೆಯದೊಂದು ತಂತಿಯನ್ನು ಸೇರಿಸಿದ. ಆಗ ಅದು ನಿಜವಾದ ತೂಬಾಯಿತು: ಮಧ್ಯದ ತಂತಿಗೆ ಕೊಟ್ಟ ಅಲ್ಪ ವಿದ್ಯುತ್ ಒತ್ತಡ, ಹೊರಗಿನ ದೊಡ್ಡ ಪ್ರವಾಹವನ್ನು ಏರಿಳಿಸತೊಡಗಿತು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದ ಬಾರ್ಡೀನ್ ಮತ್ತು ಬ್ರಟೈನ್ ಅದೇ ಕೆಲಸವನ್ನು ಅರೆವಾಹಕದ ಚೂರೊಂದರಲ್ಲಿ ಮಾಡಿ ತೋರಿಸಿದರು. ಅದು ಟ್ರಾನ್ಸಿಸ್ಟರ್.

ತೂಬಿನ ಹಲಗೆಯನ್ನು ಪೂರ್ತಿ ಮುಚ್ಚುವುದು, ಪೂರ್ತಿ ತೆರೆಯುವುದು ಇವೆರಡೇ ಸ್ಥಿತಿಗಳನ್ನು ಎಣಿಸಿದರೆ ಅದು ಕಂಪ್ಯೂಟರಿನ ಡಿಜಿಟಲ್ ವಿದ್ಯೆ. ನಡುವಿನ ಯಾವ ಎತ್ತರದಲ್ಲಾದರೂ ನಿಲ್ಲಿಸಿ, ಅಷ್ಟಕ್ಕಷ್ಟೇ ನೀರು ಹರಿಸುವುದು ಅನಲಾಗ್ ವಿದ್ಯೆ. ಮನುಷ್ಯನ ದನಿ, ಜ್ವರದ ಬಿಸಿ, ಹೃದಯದ ಮಿಡಿತ ಎಲ್ಲವೂ ಹೀಗೆ ಅಖಂಡವಾಗಿ ಏರಿಳಿಯುವಂಥವು. ಆದ್ದರಿಂದ ಎಂಥ ಡಿಜಿಟಲ್ ಯಂತ್ರಕ್ಕೂ ಹೆಬ್ಬಾಗಿಲಲ್ಲಿ ಒಂದು ಅನಲಾಗ್ ಮಂಡಲ ಬೇಕೇ ಬೇಕು. ಜಾತ್ರೆಯಲ್ಲಿ ಮರಕ್ಕೆ ಕಟ್ಟುವ ಕಹಳೆಯನ್ನು ನಾವು ಧ್ವನಿವರ್ಧಕ ಎನ್ನುತ್ತೇವೆ. ಆದರೆ ವಿದ್ಯುತ್ತಿನ ವರ್ಧನೆ ನಡೆಯುವುದು ಕೆಳಗೆ ಮೈಕ್‌ಸೆಟ್ಟಿನವರು ಮೇಜಿನ ಮೇಲೆ ಇಟ್ಟುಕೊಂಡಿರುವ ಪೆಟ್ಟಿಗೆಯೊಳಗೆ. ಕಹಳೆ ಹೆಸರು ಹೊತ್ತಿದೆ, ದುಡಿಮೆ ಪೆಟ್ಟಿಗೆಯದು.

ಆ ಪೆಟ್ಟಿಗೆಯೊಳಗಿನ ವಿದ್ಯೆಯನ್ನು ಕಲಿಯಲು ಮೊದಲ ಪುಸ್ತಕ ಯಾವುದು? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಬಸ್ಸು ಹತ್ತಿ ನಂಜನಗೂಡಿಗೋ ಮೈಸೂರಿಗೋ ಹೋಗಿ, ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಕಾಲಿಡುವ ಹಳ್ಳಿಯ ವಿದ್ಯಾರ್ಥಿಗೆ ಈ ಪುಸ್ತಕವೇ ತಿರುವು. ಅದು ಒಲಿದರೆ ಆತ ಮಂಡಲ ರಚಿಸುವವನಾಗುತ್ತಾನೆ. ಒಲಿಯದಿದ್ದರೆ ಸೂತ್ರಗಳನ್ನು ಬಾಯಿಪಾಠ ಮಾಡಿ ತೇರ್ಗಡೆಯಾಗಿ, ಆ ವಿದ್ಯೆಯತ್ತ ಮತ್ತೆ ತಿರುಗಿ ನೋಡುವುದಿಲ್ಲ. ಈ ಆಯ್ಕೆಯನ್ನು ನಮ್ಮಲ್ಲಿ ಯಾರು, ಹೇಗೆ ಮಾಡುತ್ತ ಬಂದರು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ.

ಮೈಸೂರು ಸೀಮೆಯಲ್ಲಿ ಈ ವಿದ್ಯೆ ಕಾಲೇಜಿನ ಪಠ್ಯವಾಗಿ ಬರುವ ಮೊದಲೇ ಹವ್ಯಾಸವಾಗಿ ಬಂತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಪುಟ್ಟ ಪ್ರೇಷಕವೊಂದನ್ನು ಇಟ್ಟುಕೊಂಡು ಬಾನುಲಿ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ನಾಡಿಗೆಲ್ಲ ಹಬ್ಬಿದ್ದು ಅಲ್ಲಿಂದ. ಎಂಜಿನಿಯರಲ್ಲದ ಮೇಷ್ಟ್ರೊಬ್ಬರು ವಾಲ್ವ್‌ಗಳ ಪೆಟ್ಟಿಗೆಯನ್ನು ಪಳಗಿಸಿದ್ದು ವಿಶೇಷವೇ. ರೇಡಿಯೊ ವಿದ್ಯೆ ಆಗ ಭೌತವಿಜ್ಞಾನದ ಅಥವಾ ವಿದ್ಯುತ್ ಎಂಜಿನಿಯರಿಂಗಿನ ಒಂದು ಮೂಲೆಯಷ್ಟೆ. ಅದಕ್ಕೆ ಆ ಕಾಲದಲ್ಲಿ ಲೋಕಮಾನ್ಯವಾಗಿದ್ದ ಗ್ರಂಥ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫ್ರೆಡರಿಕ್ ಟರ್ಮನ್ 1932ರಲ್ಲಿ ಪ್ರಕಟಿಸಿದ 'ರೇಡಿಯೊ ಎಂಜಿನಿಯರಿಂಗ್'. 1939ರಲ್ಲಿ ಕಂಪನಿ ಕಟ್ಟಿದ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಈ ಟರ್ಮನ್ ಮೇಷ್ಟ್ರ ಶಿಷ್ಯರು. ಪಠ್ಯಪುಸ್ತಕ ಬರೆದವರ ಶಿಷ್ಯರೇ ಕಾರ್ಖಾನೆಯನ್ನೂ ತೆರೆದ ಊರದು.

ಸ್ವಾತಂತ್ರ್ಯದ ಹೊತ್ತಿಗೆ ಇಲ್ಲೂ ಅಡಿಪಾಯ ಬೀಳತೊಡಗಿತು. 1946ರಲ್ಲಿ ಮೈಸೂರಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್ ಆರಂಭವಾಯಿತು. 1954ರಲ್ಲಿ ಸ್ಥಾಪನೆಯಾಗಿ ಜಾಲಹಳ್ಳಿಯಲ್ಲಿ ನೆಲೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಮುಂದಿನ ದಶಕದಲ್ಲಿ ವಾಲ್ವ್, ಟ್ರಾನ್ಸಿಸ್ಟರುಗಳನ್ನು ತಾನೇ ತಯಾರಿಸತೊಡಗಿತು. 1963ರಲ್ಲಿ ಮೈಸೂರಿಗೆ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಬಂತು. ಕಾರ್ಖಾನೆಯೂ ಕಾಲೇಜೂ ಇದ್ದವು. ಪುಸ್ತಕ ಮಾತ್ರ ಹೊರಗಿನಿಂದಲೇ ಬರಬೇಕಿತ್ತು.

ಬಂದದ್ದು ಮಿಲ್ಮನ್. ಬಾಲ್ಯದಲ್ಲಿ ರಷ್ಯದಿಂದ ಅಮೆರಿಕಕ್ಕೆ ವಲಸೆ ಬಂದು ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಜೇಕಬ್ ಮಿಲ್ಮನ್, ಗ್ರೀಸ್ ಮೂಲದ ಕ್ರಿಸ್ಟೋಸ್ ಹಾಲ್ಕಿಯಾಸ್ ಜತೆಗೂಡಿ 1967ರಲ್ಲಿ 'ಎಲೆಕ್ಟ್ರಾನಿಕ್ ಡಿವೈಸಸ್ ಅಂಡ್ ಸರ್ಕ್ಯೂಟ್ಸ್', 1972ರಲ್ಲಿ 'ಇಂಟಿಗ್ರೇಟೆಡ್ ಎಲೆಕ್ಟ್ರಾನಿಕ್ಸ್' ಹೊರತಂದರು. ಭಾರತದ ಎಂಜಿನಿಯರುಗಳ ಎರಡು ತಲೆಮಾರು ಈ ಜೋಡಿಯ ಹೆಸರನ್ನು ಒಂದೇ ಪದವೆಂಬಂತೆ ಉಚ್ಚರಿಸಿತು. ಮೂಲ ಅಮೆರಿಕನ್ ಮುದ್ರಣವನ್ನು ಇಲ್ಲಿ ಕೊಳ್ಳುವವರು ಯಾರು? ಮೆಗ್ರಾ-ಹಿಲ್ ಸಂಸ್ಥೆ ಏಷ್ಯದ ವಿದ್ಯಾರ್ಥಿಗಳಿಗೆಂದು ಟೋಕಿಯೊದಲ್ಲಿ ಅಚ್ಚು ಹಾಕಿಸಿದ ಅಗ್ಗದ ಪ್ರತಿಗಳು ಬಂದವು. 1970ರಲ್ಲಿ ಟಾಟಾ ಮೆಗ್ರಾ-ಹಿಲ್ ಹುಟ್ಟಿದ ಮೇಲೆ ದಿಲ್ಲಿಯ ಮುದ್ರಣಗಳೂ ದೊರೆತವು. 1963ರಿಂದಲೇ ಇದ್ದ ಪ್ರೆಂಟಿಸ್-ಹಾಲ್ ಆಫ್ ಇಂಡಿಯ ತೆಳ್ಳನೆಯ ಕಾಗದದ ಸುಲಭ ಬೆಲೆಯ ಆವೃತ್ತಿಗಳನ್ನು ಕೊಟ್ಟಿತು. ನಮ್ಮ ಕಾಲೇಜುಗಳಲ್ಲಿ ಯಾವ ಪುಸ್ತಕ ನೆಲೆಯೂರಿತು ಎಂಬುದನ್ನು ಅದರ ಗುಣದಷ್ಟೇ ಈ ಅಗ್ಗದ ಮುದ್ರಣವೂ ನಿರ್ಧರಿಸಿತು ಎಂದರೆ ತಪ್ಪಾಗದು.

ಮಿಲ್ಮನ್ ಪುಸ್ತಕ ಅರೆವಾಹಕದ ಭೌತವಿಜ್ಞಾನದಿಂದ ಹೊರಡುತ್ತದೆ. ಇಲೆಕ್ಟ್ರಾನ್ ಪರಮಾಣುವಿನೊಳಗೆ ಹೇಗಿದೆ, ಸಿಲಿಕಾನಿನಲ್ಲಿ ಹೇಗೆ ಸಂಚರಿಸುತ್ತದೆ ಎಂಬುದನ್ನೆಲ್ಲ ದಾಟಿ, ವರ್ಧಕ ಕಣ್ಣಿಗೆ ಬೀಳುವ ಹೊತ್ತಿಗೆ ನೂರಾರು ಪುಟಗಳು ಉರುಳಿರುತ್ತವೆ. ಇದು ಗಟ್ಟಿಯಾದ ದಾರಿ. ಜತೆಗೆ ಅಧ್ಯಾಯದ ಕೊನೆಯ ಲೆಕ್ಕಗಳು ಕಠಿಣವಾಗಿದ್ದು, ಬಿಡಿಸಿದವನನ್ನು ನಿಜಕ್ಕೂ ಬೆಳೆಸುವಂಥವು. ಆದರೆ ಮೊದಲ ಓದಿಗೆ ಬಂದವನು ಹೊಸಿಲಲ್ಲೇ ದಣಿಯುವ ಅಪಾಯವಿತ್ತು. 1972ರಲ್ಲಿ ಬಂದ ಬಾಯ್ಲ್‌ಸ್ಟಡ್ ಮತ್ತು ನಾಶೆಲ್‌ಸ್ಕಿ, 1973ರಲ್ಲಿ ಬಂದ ಆಲ್ಬರ್ಟ್ ಮಾಲ್ವಿನೊ ಇಬ್ಬರ ಪುಸ್ತಕಗಳೂ ಈ ದಣಿವಿಗೆ ಉತ್ತರವಾಗಿ ಬಂದಂತಿದ್ದವು. ಭೌತವಿಜ್ಞಾನ ಮಿತವಾಗಿ, ಬಿಡಿಸಿದ ಲೆಕ್ಕಗಳು ಧಾರಾಳವಾಗಿ. ಮಾಲ್ವಿನೊ ಅಂತೂ ನಿಖರ ಉತ್ತರಕ್ಕಿಂತ ಒಳ್ಳೆಯ ಅಂದಾಜೇ ಮೇಲು ಎಂಬ ಪಕ್ಷ. ಹಲಗೆ ನಾಲ್ಕು ಬೆರಳು ಎತ್ತಿದರೆ ಎಷ್ಟು ನೀರೆಂದು ಹೇಳಬಲ್ಲ ಹುಲ್ಲಹಳ್ಳಿಯ ರೈತ ಈ ಪಕ್ಷವನ್ನು ಕೂಡಲೇ ಒಪ್ಪುತ್ತಿದ್ದ.

ಅಂದಾಜಿನ ಲೆಕ್ಕ ಹೇಗಿರುತ್ತದೆಂದು ನೋಡುವುದು ಒಳ್ಳೆಯದು. ಹನ್ನೆರಡು ವೋಲ್ಟಿನ ಬ್ಯಾಟರಿ. ಅದರ ಒತ್ತಡವನ್ನು 47 ಸಾವಿರ ಮತ್ತು 10 ಸಾವಿರ ಓಮ್‌ಗಳ ಎರಡು ರೋಧಕಗಳು ಹಂಚಿಕೊಂಡರೆ ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ಸುಮಾರು 2.1 ವೋಲ್ಟ್ ಸಿಗುತ್ತದೆ. ಸಿಲಿಕಾನ್ ಟ್ರಾನ್ಸಿಸ್ಟರ್ ಅದರಲ್ಲಿ 0.7 ವೋಲ್ಟನ್ನು ತನ್ನ ಸುಂಕವಾಗಿ ಮುರಿದುಕೊಂಡು ಉಳಿದ 1.4 ವೋಲ್ಟನ್ನು ಎಮಿಟರ್ ಕಾಲಿಗೆ ದಾಟಿಸುತ್ತದೆ. ಅಲ್ಲಿ ಸಾವಿರ ಓಮ್‌ನ ರೋಧಕವಿದ್ದರೆ ಹರಿಯುವುದು 1.4 ಮಿಲಿಆಂಪಿಯರ್. ಅದೇ ಪ್ರವಾಹ ಮೇಲಿನ 3.3 ಸಾವಿರ ಓಮ್‌ನಲ್ಲಿ ಹರಿದಾಗ 4.6 ವೋಲ್ಟ್ ಇಳಿಯುತ್ತದೆ. ಕಲೆಕ್ಟರ್ ಕಾಲಿನಲ್ಲಿ 7.4 ವೋಲ್ಟ್ ನಿಲ್ಲುತ್ತದೆ. ಸಾಮಾನ್ಯ ಭಾಗಾಕಾರ, ಗುಣಾಕಾರಗಳಲ್ಲದೆ ಇಲ್ಲಿ ಬೇರೇನೂ ಬೇಕಿಲ್ಲ.

ಇದರಲ್ಲಿ ಗಮನಿಸಬೇಕಾದದ್ದು, ಟ್ರಾನ್ಸಿಸ್ಟರಿನ ಸ್ವಂತ ಶಕ್ತಿಯನ್ನು ಹೇಳುವ 'ಬೀಟಾ' ಎಂಬ ಅಂಕಿ ಲೆಕ್ಕದಲ್ಲಿ ಬಂದೇ ಇಲ್ಲ. ಕರ್ನಾಟಕದ ಕಾಲೇಜು ಪ್ರಯೋಗಾಲಯಗಳಲ್ಲಿ ವರ್ಷಾನುಗಟ್ಟಲೆ ಬಳಕೆಯಾದ ಎಸ್‌ಎಲ್ 100 ಎಂಬ ಲೋಹದ ಟೋಪಿಯ ಟ್ರಾನ್ಸಿಸ್ಟರನ್ನೇ ತೆಗೆದುಕೊಳ್ಳಿ. ಒಂದೇ ಡಬ್ಬಿಯ ಎರಡು ಟ್ರಾನ್ಸಿಸ್ಟರುಗಳಲ್ಲಿ ಒಂದರ ಬೀಟಾ ಇನ್ನೊಂದರ ಎರಡರಷ್ಟಿರಬಹುದು. ಹಾಗಿದ್ದೂ ಮೇಲಿನ ಮಂಡಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಎಮಿಟರ್ ಕಾಲಿನ ಆ ಸಾವಿರ ಓಮ್ ಕಡಿವಾಣದಂತೆ ಕೆಲಸ ಮಾಡುತ್ತದೆ: ಪ್ರವಾಹ ಹೆಚ್ಚಿದರೆ ತಾನೇ ಒತ್ತಡ ಏರಿಸಿ ತಡೆಯುತ್ತದೆ. ಸಂಕೇತಕ್ಕೆ ಆ ಕಡಿವಾಣವನ್ನು ಸಡಿಲಿಸಲು ಪಕ್ಕದಲ್ಲಿ ಒಂದು ಕೆಪಾಸಿಟರ್ ಇಟ್ಟರೆ ಈ ಮಂಡಲ ಸಂಕೇತವನ್ನು ಸುಮಾರು 175 ಪಟ್ಟು ಹಿಗ್ಗಿಸುತ್ತದೆ. ಅದನ್ನು ತೆಗೆದರೆ ವರ್ಧನೆ ಮೂರು ಪಟ್ಟಿಗೆ ಕುಸಿಯುತ್ತದೆ, ಆದರೆ ಸ್ಥಿರವಾಗಿರುತ್ತದೆ, ಸಂಕೇತದ ಆಕಾರವೂ ಕೆಡುವುದಿಲ್ಲ.

ವರ್ಧನೆಯನ್ನು ಕೈಯಾರೆ ಬಿಟ್ಟುಕೊಟ್ಟು ಸ್ಥಿರತೆಯನ್ನು ಕೊಳ್ಳುವ ಈ ಉಪಾಯವನ್ನು ಸಾಮಾನ್ಯ ತತ್ತ್ವವನ್ನಾಗಿ ಕಂಡವನು ಬೆಲ್ ಸಂಸ್ಥೆಯ ಹ್ಯಾರಲ್ಡ್ ಬ್ಲ್ಯಾಕ್. 1927ರ ಆಗಸ್ಟಿನ ಒಂದು ಬೆಳಿಗ್ಗೆ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುತ್ತ ಹಡಗಿನಲ್ಲಿ ಹೊಳೆದ ಈ ವಿಚಾರವನ್ನು ಆತ ಕೈಯಲ್ಲಿದ್ದ ದಿನಪತ್ರಿಕೆಯ ಪುಟದ ಮೇಲೆಯೇ ಗೀಚಿದ. (ದಿನಪತ್ರಿಕೆಗಳಿಂದ ಇಂಥ ಉಪಯೋಗವೂ ಉಂಟು.) ಪೇಟೆಂಟ್ ಕಚೇರಿ ಬಹುಕಾಲ ಅದನ್ನು ನಂಬಲಿಲ್ಲ, ಹಕ್ಕುಪತ್ರ ಕೈಸೇರಿದ್ದು 1937ರಲ್ಲಿ. ಒಂದು ಪುಸ್ತಕ ಒಳ್ಳೆಯದೋ ಅಲ್ಲವೋ ಎಂದು ಪರೀಕ್ಷಿಸಲು ಈ ಭಾಗವನ್ನು ತೆರೆದು ನೋಡಿದರೆ ಸಾಕು. ಫೀಡ್‌ಬ್ಯಾಕನ್ನು ನಾಲ್ಕು ಬಗೆಗಳ ಕೋಷ್ಟಕವಾಗಿ ಮಾತ್ರ ಕೊಡುವ ಪುಸ್ತಕ ಪರೀಕ್ಷೆಗೆ ಆದೀತು. ಶಕ್ತಿಯನ್ನು ಏಕೆ ಬಿಟ್ಟುಕೊಡಬೇಕು ಎಂದು ಮನಗಾಣಿಸುವ ಪುಸ್ತಕ ಮೇಜಿನ ಮೇಲೆ ಉಳಿಯತಕ್ಕದ್ದು.

1980ರ ದಶಕ ಎರಡು ಹೊಸ ದಾರಿಗಳನ್ನು ತೆರೆಯಿತು. ಹಾರ್ವರ್ಡಿನ ಪ್ರಯೋಗಾಲಯದ ಪಾಠಗಳಿಂದ ಬೆಳೆದ ಹೊರೊವಿಟ್ಸ್ ಮತ್ತು ಹಿಲ್ ಅವರ 'ದಿ ಆರ್ಟ್ ಆಫ್ ಎಲೆಕ್ಟ್ರಾನಿಕ್ಸ್' 1980ರಲ್ಲಿ ಬಂತು. ಅದರಲ್ಲಿ ಗಣಿತ ಕಡಿಮೆ, ಅನುಭವಸ್ಥ ಕಸುಬುದಾರನ ಕಿವಿಮಾತುಗಳು ಹೆಚ್ಚು. ಟೊರಾಂಟೊದ ಸೆಡ್ರಾ ಮತ್ತು ಸ್ಮಿತ್ 1982ರಲ್ಲಿ ತಂದ 'ಮೈಕ್ರೊಎಲೆಕ್ಟ್ರಾನಿಕ್ ಸರ್ಕ್ಯೂಟ್ಸ್' ಮಿಲ್ಮನ್ ಕ್ರಮವನ್ನು ತಲೆಕೆಳಗು ಮಾಡಿತು. ಮೊದಲು ವರ್ಧಕವೆಂಬ ಪೆಟ್ಟಿಗೆ ಏನು ಮಾಡುತ್ತದೆ, ಆಪ್‌ಆಂಪ್‌ನಿಂದ ಏನೇನು ಕಟ್ಟಬಹುದು ಎಂದು ತೋರಿಸಿ, ಆಮೇಲೆ ಡಯೋಡು, ಟ್ರಾನ್ಸಿಸ್ಟರುಗಳ ಒಳಗನ್ನು ಬಿಚ್ಚುತ್ತದೆ. ಗದ್ದೆ, ನಾಲೆ ತೋರಿಸಿದ ಬಳಿಕ ತೂಬಿನ ಕಲ್ಲುಕಟ್ಟಡವನ್ನು ವಿವರಿಸಿದ ಹಾಗೆ. ಹೊಸಬನಿಗೆ ಇದೇ ಸಹಜ ಕ್ರಮ. ಆದರೆ ಈ ಪುಸ್ತಕದ ಇಂಗ್ಲಿಷೂ ಗಾತ್ರವೂ ಸಲೀಸಲ್ಲ.

ನಮ್ಮ ವಿದ್ಯಾರ್ಥಿ ಈ ಎರಡು ದಾರಿಗಳ ನಡುವೆ ಆರಿಸಿದ್ದು ಅಪರೂಪ. ಆಯ್ಕೆ ಪಠ್ಯಕ್ರಮದ್ದಾಗಿತ್ತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ, ಅದುವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಚಾವಣಿಯಡಿ ಬಂದವು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ಅದರ 2006 ಮತ್ತು 2010ರ ಯೋಜನೆಗಳಲ್ಲಿ ಮೂರನೇ ಸೆಮಿಸ್ಟರಿಗೆ 'ಅನಲಾಗ್ ಎಲೆಕ್ಟ್ರಾನಿಕ್ ಸರ್ಕ್ಯೂಟ್ಸ್' ಎಂಬ ವಿಷಯವೇ ಇತ್ತು. ಪಠ್ಯ ಬಾಯ್ಲ್‌ಸ್ಟಡ್, ಮಿಲ್ಮನ್ ಆಕರ ಗ್ರಂಥದ ಪಟ್ಟಿಗೆ ಸರಿದಿದ್ದರು. ಎಂಟು ಘಟಕಗಳು, ಎಂಟು ಪ್ರಶ್ನೆಗಳು, ಬರೆಯಬೇಕಾದದ್ದು ಐದು. ಡಯೋಡಿನಿಂದ ಆಂದೋಲಕದವರೆಗಿನ ವಿದ್ಯೆಯನ್ನು ಒಂದು ಸೆಮಿಸ್ಟರಿನಲ್ಲಿ ಮುಗಿಸಬೇಕು. ಕೆಲವು ಘಟಕಗಳನ್ನು ಬಿಟ್ಟೇ ತೇರ್ಗಡೆಯಾಗುವ ಲೆಕ್ಕವನ್ನು ವಿದ್ಯಾರ್ಥಿಗಳು ಮಂಡಲದ ಲೆಕ್ಕಕ್ಕಿಂತ ಬೇಗ ಕಲಿತರು.

ಎರಡು ಪುಸ್ತಕಗಳನ್ನು ಒಟ್ಟಿಗೆ ತೆರೆದವನಿಗೆ ಇನ್ನೊಂದು ತೊಡಕು ಕಾದಿರುತ್ತಿತ್ತು. ಟ್ರಾನ್ಸಿಸ್ಟರಿನ ಒಳಮುಖದ ರೋಧವನ್ನು ಮಿಲ್ಮನ್ 'ಎಚ್-ಪ್ಯಾರಾಮೀಟರ್' ಲೆಕ್ಕದಲ್ಲಿ ಒಂದು ಹೆಸರಿನಿಂದ ಕರೆದರೆ, ಬಾಯ್ಲ್‌ಸ್ಟಡ್ ಅದನ್ನು ಬೀಟಾ ಮತ್ತು 'ಆರ್‌ಇ'ಗಳ ಗುಣಲಬ್ಧವೆನ್ನುತ್ತಾರೆ. ಸೆಡ್ರಾ 'ಆರ್-ಪೈ' ಎನ್ನುತ್ತಾರೆ. ಮೂರೂ ಹೆಚ್ಚುಕಡಿಮೆ ಒಂದೇ. ನಂಜುಂಡೇಶ್ವರನನ್ನು ಒಬ್ಬರು ಶ್ರೀಕಂಠೇಶ್ವರ ಎಂದ ಮಾತ್ರಕ್ಕೆ ದೇವರು ಇಬ್ಬರಾಗುವುದಿಲ್ಲವಷ್ಟೆ. ಇದನ್ನು ತರಗತಿಯಲ್ಲಿ ಮೊದಲೇ ಒಂದು ಮಾತಿನಲ್ಲಿ ಹೇಳಿದರೆ ಬಗೆಹರಿಯುತ್ತದೆ. ಹೇಳದಿದ್ದಾಗ ಹುಡುಗರು ಮೂರು ಬಗೆಯ ಟ್ರಾನ್ಸಿಸ್ಟರುಗಳಿವೆ ಎಂದುಕೊಂಡು ಎರಡನೆಯ ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಹೊಸಬರಿಗೆ ಒಂದೇ ಪುಸ್ತಕ ಹಿಡಿಯಿರಿ ಎಂದು ಹಳೆಯ ಮೇಷ್ಟ್ರುಗಳು ಹೇಳುತ್ತಿದ್ದುದರ ಹಿಂದೆ ಈ ವಿವೇಕವಿತ್ತು.

ಪುಸ್ತಕ ಕೈಯಲ್ಲಿ ಎಷ್ಟು ದಿನ ಇರುತ್ತದೆ ಎಂಬುದೂ ಮುಖ್ಯ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗಾಗಿ ಸರ್ಕಾರ ತಂದ ಬುಕ್ ಬ್ಯಾಂಕ್ ಯೋಜನೆ, ಇಬ್ಬರು ಮೂವರಿಗೆ ಒಂದು ಸೆಟ್ಟಿನಂತೆ ದುಬಾರಿ ಗ್ರಂಥಗಳನ್ನು ಬಡವರ ಕೈಗೆ ತಲುಪಿಸಿತು. ಅದಿಲ್ಲದಿದ್ದರೆ ಅನೇಕರು ಮಿಲ್ಮನ್ ಹೊದಿಕೆಯನ್ನೂ ಕಾಣುತ್ತಿರಲಿಲ್ಲ. ಆದರೆ ಬ್ಯಾಂಕಿನ ಪುಸ್ತಕ ಮರಳಿಸತಕ್ಕ ಪುಸ್ತಕ. ಅನಲಾಗ್ ವಿದ್ಯೆಯೋ ಎರಡನೆಯ ಓದಿನಲ್ಲಿ ಬಿಚ್ಚಿಕೊಳ್ಳುವಂಥದ್ದು. ಮುಂದಿನ ವರ್ಷ ಆಪ್‌ಆಂಪ್ ಪಾಠದಲ್ಲಿ ಹಿಂದಿನದೊಂದು ಅನುಮಾನ ಎದ್ದಾಗ ತಿರುವಿ ನೋಡಲು ಪುಸ್ತಕವೇ ಇರದು. ಉಳ್ಳವರು ಸ್ವಂತ ಪ್ರತಿ ಕೊಂಡರು, ಕೆಲವರು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದರು. ಉಳಿದವರು ಜೆರಾಕ್ಸ್ ಅಂಗಡಿಯ ನೋಟ್ಸಿಗೆ ಶರಣಾದರು. ಆ ನೋಟ್ಸಿನಲ್ಲಿ ಸೂತ್ರದ ವ್ಯುತ್ಪತ್ತಿ ಎಂಟು ಅಂಕಕ್ಕೆ ತಕ್ಕ ಉದ್ದದಲ್ಲಿ ಇರುತ್ತಿತ್ತು. ಕಲೆಕ್ಟರಿನಲ್ಲಿ 7.4 ವೋಲ್ಟ್ ಏಕೆ ಎಂಬುದು ಇರುತ್ತಿರಲಿಲ್ಲ.

ಭಾಷೆಯ ಪ್ರಶ್ನೆ ಈ ಎಲ್ಲಕ್ಕಿಂತ ಹಿಂದಿನದು. ಕನ್ನಡದಲ್ಲಿ ವಿಜ್ಞಾನ ಬರೆಯುವ ಕೆಲಸ ತಡವಾಗಿ ಆರಂಭವಾಯಿತೆಂದು ಯಾರೂ ಹೇಳುವಂತಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲೇ 'ವಿಜ್ಞಾನ' ಮಾಸಪತ್ರಿಕೆ ನಡೆಸಿದರು. ಭೌತವಿಜ್ಞಾನಿ ಆರ್.ಎಲ್. ನರಸಿಂಹಯ್ಯನವರಂಥವರು ಕಾಲೇಜು ಮೇಷ್ಟ್ರಾಗಿದ್ದುಕೊಂಡೇ ಕನ್ನಡದಲ್ಲಿ ವಿಜ್ಞಾನ ಬರೆದರು. 1968ರ ಸುಮಾರಿಗೆ ಕೇಂದ್ರ ಸರ್ಕಾರ ಪ್ರತಿ ರಾಜ್ಯಕ್ಕೂ ಪ್ರಾದೇಶಿಕ ಭಾಷೆಯ ಕಾಲೇಜು ಪಠ್ಯಗಳಿಗಾಗಿ ಒಂದು ಕೋಟಿ ರೂಪಾಯಿಯವರೆಗೆ ನೆರವು ಗೊತ್ತುಮಾಡಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ರೂಪುಗೊಂಡಿತು. ಇಷ್ಟಾದರೂ ವರ್ಧಕದ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಬಿಡಿಸಿ ತೋರಿಸುವ ಗ್ರಂಥ ಮಿಲ್ಮನ್ನನಂತೆ ಮನೆಮಾತಾಗಲಿಲ್ಲ. ಕಾರಣ ಪದಗಳ ಕೊರತೆಯಲ್ಲ. ರೋಧಕ, ಅರೆವಾಹಕ, ವರ್ಧಕ ಎಂಬ ಮಾತುಗಳು ಸಿದ್ಧವಾಗಿದ್ದವು. ಟ್ರಾನ್ಸಿಸ್ಟರು, ಡಯೋಡು ಕನ್ನಡದ ಉಕಾರ ತೊಟ್ಟು ಮನೆಯವರೇ ಆಗಿದ್ದವು. ಪರೀಕ್ಷೆ ಇಂಗ್ಲಿಷಿನಲ್ಲಿ ನಡೆಯುವಾಗ ಕನ್ನಡ ಪುಸ್ತಕಕ್ಕೆ ಕೊಳ್ಳುವವರಿಲ್ಲ. ಕೊಳ್ಳುವವರಿಲ್ಲದ ಪುಸ್ತಕವನ್ನು ಬರೆಯುವವರಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ, 2021ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಹಸಿರು ನಿಶಾನೆ ತೋರಿಸಿತು. ಕನ್ನಡಕ್ಕೂ ಪಠ್ಯಗಳ ಅನುವಾದ ಕೈಗೊಂಡಿತು. ಕರ್ನಾಟಕದಲ್ಲಿ ಕನ್ನಡ ಮಾಧ್ಯಮವನ್ನು ಆರಿಸಿಕೊಂಡವರು ಮಾತ್ರ ವಿರಳ. ಕೆಲಸದ ಸಂದರ್ಶನ ಇಂಗ್ಲಿಷಿನಲ್ಲಿ ಎಂಬ ಭಯ ಸುಳ್ಳಲ್ಲ. ಇಲ್ಲಿ ಇಡೀ ಮಾಧ್ಯಮ ಬದಲಾಗುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಇಂಗ್ಲಿಷ್ ಗ್ರಂಥವನ್ನು ಪಕ್ಕದಲ್ಲಿಟ್ಟುಕೊಂಡು ಓದಬಲ್ಲ, ನೂರೈವತ್ತು ಪುಟದ ಕನ್ನಡ ಕೈಪಿಡಿಯೊಂದು ಸಾಕು: ಮೇಲಿನ ಹನ್ನೆರಡು ವೋಲ್ಟಿನ ಲೆಕ್ಕದಂಥವು ಐವತ್ತು, ಒಂದೊಂದಕ್ಕೂ ಬ್ರೆಡ್‌ಬೋರ್ಡಿನ ಚಿತ್ರ, ಮೂರು ಲೇಖಕರ ಮೂರು ಹೆಸರುಗಳು ಒಂದೇ ಎನ್ನುವ ಒಂದು ಪಟ್ಟಿ.

ಕಲಿಯುವ ಸಲಕರಣೆಗಳಂತೂ ಇಂದು ಹಿಂದೆಂದಿಗಿಂತ ಕೈಗೆಟಕುವಂತಿವೆ. 1973ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ 'ಸ್ಪೈಸ್' ತಂತ್ರಾಂಶದ ಮರಿಗಳು ಉಚಿತವಾಗಿ ಸಿಗುತ್ತವೆ. ಐಐಟಿ ಪ್ರಾಧ್ಯಾಪಕರ ಉಪನ್ಯಾಸಗಳು ಮೊಬೈಲಿನಲ್ಲೇ ದೊರೆಯುತ್ತವೆ. ಆದರೆ ಉಪನ್ಯಾಸ ನೋಡಿ ಅರ್ಥವಾಯಿತೆಂದುಕೊಳ್ಳುವುದು ಈಜುವವರನ್ನು ದಡದಲ್ಲಿ ಕುಳಿತು ನೋಡಿದಂತೆ. ಮೊದಲು ಪೆನ್ಸಿಲಿನಲ್ಲಿ ಅಂದಾಜು, ಬಳಿಕ ಕಂಪ್ಯೂಟರಿನಲ್ಲಿ ತಾಳೆ, ಕೊನೆಗೆ ಬ್ರೆಡ್‌ಬೋರ್ಡಿನಲ್ಲಿ ಮೀಟರು ಹಿಡಿದು ಅಳತೆ. ಈ ಕ್ರಮದಲ್ಲಿ ಬಾಯ್ಲ್‌ಸ್ಟಡ್ಡನ ನಾಲ್ಕು ಅಧ್ಯಾಯ ಮುಗಿಸಿದವನು, ಐದು ಪುಸ್ತಕಗಳ ಮುನ್ನುಡಿ ಓದಿದವನಿಗಿಂತ ಮುಂದಿರುತ್ತಾನೆ. ಸೆಡ್ರಾ ಆಮೇಲೆ ತಾನಾಗಿ ತೆರೆದುಕೊಳ್ಳುತ್ತದೆ.

ಇದೆಲ್ಲ ಹುಲ್ಲಹಳ್ಳಿಗೆ ದೂರದ ಮಾತೂ ಅಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಇಂಡಾಲ್ ಎಲೆಕ್ಟ್ರಾನಿಕ್ಸ್ ಮುದ್ರಿತ ಮಂಡಲ ಫಲಕಗಳನ್ನು ತಯಾರಿಸುತ್ತಿತ್ತು. 1999ರಲ್ಲಿ ಆಸ್ಟ್ರಿಯದ ಎಟಿ ಅಂಡ್ ಎಸ್ ಕಂಪನಿ ಅದನ್ನು ಕೊಂಡಿತು. ರೋಧಕ, ಕೆಪಾಸಿಟರು, ಟ್ರಾನ್ಸಿಸ್ಟರುಗಳು ಕೂರುವ ಫಲಕ ಅಲ್ಲಿಂದ ಪರದೇಶಗಳಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನೆಲೆಯೂರಿದಂದಿನಿಂದ ಚಿಪ್ ವಿನ್ಯಾಸದ ಕೆಲಸ ಬೆಳೆಯುತ್ತ ಬಂದಿದೆ. 2005ರಲ್ಲಿ ಅಲ್ಲಿಯೇ ಹುಟ್ಟಿ ಅನಲಾಗ್ ವಿನ್ಯಾಸವನ್ನೇ ಕಸುಬಾಗಿಸಿಕೊಂಡ ಕಾಸ್ಮಿಕ್ ಸರ್ಕ್ಯೂಟ್ಸ್ ಎಂಬ ಸಂಸ್ಥೆಯನ್ನು 2013ರಲ್ಲಿ ಅಮೆರಿಕದ ಕೇಡೆನ್ಸ್ ಖರೀದಿಸಿತು. ಫಲಕದ ಕಾರ್ಖಾನೆಗೆ ಹುಲ್ಲಹಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರಬಹುದು. ಆ ಫಲಕದ ಮೇಲೆ ಯಾವ ಮಂಡಲ ಇರಬೇಕೆಂದು ತೀರ್ಮಾನಿಸುವ ಮೇಜಿಗೆ ಹೋಗುವ ದಾರಿ ಮೂರನೇ ಸೆಮಿಸ್ಟರಿನ ಆ ಪುಸ್ತಕದ ಮೂಲಕವೇ ಹಾದುಹೋಗುತ್ತದೆ.